ಪವರ್ ಮೀಟರ್ 1 ವ್ಯಾಟ್ ತೋರಿಸುತ್ತಿತ್ತು, ಕನ್ನಡಿ ಸುಟ್ಟುಹೋಯಿತು

10 ಹರ್ಟ್ಜ್‌ನ ಕ್ಯೂ-ಸ್ವಿಚ್ ಎನ್‌ಡಿ-ಯಾಗ್ ಲೇಸರ್, ಅಂದರೆ ಕೂಡಿಟ್ಟ ಎನರ್ಜಿಯನ್ನು ಸೆಕೆಂಡಿಗೆ ಹತ್ತು ಸಲ ಚಿಕ್ಕ ಪಲ್ಸುಗಳಾಗಿ ಬಿಡುವ ಹರಳಿನ ಲೇಸರ್. ತರಂಗಾಂತರ 1064 ನ್ಯಾನೋಮೀಟರ್, ಪಲ್ಸ್ 10 ನ್ಯಾನೋಸೆಕೆಂಡ್, ಒಂದೊಂದು ಪಲ್ಸಿನಲ್ಲಿ 100 ಮಿಲಿಜೂಲ್. 6 ಮಿ.ಮೀ. ವ್ಯಾಸದ ಬೀಮನ್ನು ಎರಡು ಲೆನ್ಸಿನ ಟೆಲಿಸ್ಕೋಪ್ ಇಟ್ಟು 2 ಮಿ.ಮೀ.ಗೆ ಇಳಿಸಿ ಕನ್ನಡಿಯ ಮೇಲೆ ಬಿಟ್ಟಿದ್ದರು. ಡೇಟಾಶೀಟಿನಲ್ಲಿ ಕನ್ನಡಿ ಹಾನಿಯಾಗದೆ ತಡೆಯುವ ಮಿತಿ ಚದರ ಸೆಂ.ಮೀ.ಗೆ 5 ಜೂಲ್ ಎಂದಿತ್ತು, ಲೆಕ್ಕ ಹಾಕಿದರೆ 3.2 ಬರುತ್ತಿತ್ತು. ಮೀಟರಿನಲ್ಲಿ ಬರೀ 1 ವ್ಯಾಟ್. ಪೂರ್ತಿ ಎನರ್ಜಿಗೆ ಏರಿಸಿದ ಕೂಡಲೇ ಟಕ್ ಟಕ್ ಸದ್ದು, ಬಿಳಿ ಕಿಡಿ. ಲೇಸರ್ ನಿಲ್ಲಿಸುವಷ್ಟರಲ್ಲಿ ಕೋಟಿಂಗ್ ಕಿತ್ತುಬಂದಿತ್ತು.

ಲೆಕ್ಕದಲ್ಲೇ ತಪ್ಪಿತ್ತು. 2 ಮಿ.ಮೀ. ವೃತ್ತದ ವಿಸ್ತೀರ್ಣ 0.0314 ಚದರ ಸೆಂ.ಮೀ., 0.1 ಜೂಲನ್ನು ಅದರಿಂದ ಭಾಗಿಸಿದರೆ 3.2 ಬರುವುದೇನೋ ನಿಜ. ಆದರೆ ಅದು ಸರಾಸರಿ. ಗಾಸಿಯನ್ ಬೀಮಿನ (ನಡುವೆ ಪ್ರಖರವಾಗಿದ್ದು ಅಂಚಿನತ್ತ ಕ್ಷೀಣಿಸುವ ಬೀಮಿನ) ನಟ್ಟನಡುವೆ ಸರಾಸರಿಯ ಎರಡು ಪಟ್ಟು ಇರುತ್ತದೆ, ಅಂದರೆ 6.4 ಜೂಲ್. ಮಿತಿ ದಾಟಿಯಾಗಿತ್ತು. ಟೆಲಿಸ್ಕೋಪಿಗೆ ಮೊದಲು, 6 ಮಿ.ಮೀ. ಇದ್ದಾಗ, ಇದೇ ಬೀಮಿನ ನಡುವೆ ಇದ್ದದ್ದು 0.7 ಜೂಲ್ ಮಾತ್ರ. ವ್ಯಾಸ ಮೂರನೇ ಒಂದಕ್ಕೆ ಇಳಿದರೆ ಹೊಡೆತ ಒಂಬತ್ತು ಪಟ್ಟು ಏರುತ್ತದೆ. ನಿಜವಾದ ಲೇಸರ್ ಬೀಮಿನಲ್ಲಿ ಅಲ್ಲಲ್ಲಿ ಹಾಟ್ ಸ್ಪಾಟ್‌ಗಳೂ (ಸುತ್ತಲಿಗಿಂತ ಪ್ರಖರವಾದ ಚುಕ್ಕೆಗಳು) ಇರುತ್ತವೆ, ಹಾಗಾಗಿ ಎರಡು ಪಟ್ಟು ಕೂಡ ಕೆಲವೊಮ್ಮೆ ಕಡಿಮೆ ಅಂದಾಜೇ. ನಡುವಿನ ಬೆಲೆ ಡೇಟಾಶೀಟ್ ಮಿತಿಯ ಅರ್ಧಕ್ಕಿಂತ ಕೆಳಗಿರಲಿ. ಬೀಮಿನ ಆಕಾರ ಅಳೆದು ನೋಡಿರದಿದ್ದರೆ ಮೂರನೇ ಒಂದಕ್ಕೆ ಇಳಿಸುವುದು ಒಳ್ಳೆಯದು.

ಪಲ್ಸ್ ಲೇಸರಿನಲ್ಲಿ ಪವರ್ ಮೀಟರಿನ ವ್ಯಾಟ್ ನೋಡಿ ಬಿಡಿಭಾಗ ಆರಿಸಲೇಬೇಡಿ. ಅದು ಸೆಕೆಂಡಿನ ಸರಾಸರಿ. 100 ಮಿಲಿಜೂಲ್ 10 ನ್ಯಾನೋಸೆಕೆಂಡಿನಲ್ಲಿ ಬಂದರೆ ಆ ಗಳಿಗೆಯ ಪವರ್ 10 ಮೆಗಾವ್ಯಾಟ್.

ಡೇಟಾಶೀಟಿನ ಅಂಕಿಯ ಪಕ್ಕದಲ್ಲೇ ತರಂಗಾಂತರ, ಪಲ್ಸ್ ಅಗಲ, ಬೀಮ್ ವ್ಯಾಸ ಬರೆದಿರುತ್ತಾರೆ. ಆ ಅಂಕಿ ಆ ಪರಿಸ್ಥಿತಿಗೆ ಮಾತ್ರ. ಸುಮಾರು 1 ನ್ಯಾನೋಸೆಕೆಂಡಿನಿಂದ ಕೆಲವು ಹತ್ತು ನ್ಯಾನೋಸೆಕೆಂಡಿನವರೆಗೆ ಮಿತಿ ಸುಮಾರಾಗಿ ಪಲ್ಸ್ ಅಗಲದ ವರ್ಗಮೂಲದಂತೆ ಬದಲಾಗುತ್ತದೆ: 10 ನ್ಯಾನೋಸೆಕೆಂಡಿಗೆ 10 ಜೂಲ್ ತಡೆಯುವ ಕೋಟಿಂಗ್ 1 ನ್ಯಾನೋಸೆಕೆಂಡಿಗೆ ಸುಮಾರು 3.2 ಜೂಲ್ ತಡೆದೀತು. ಫೆಮ್ಟೋಸೆಕೆಂಡ್ ಪಲ್ಸಿಗೆ ಈ ಸೂತ್ರ ಎಳೆದು ತರಬೇಡಿ, ಅಲ್ಲಿ ಹಾನಿಯಾಗುವ ಬಗೆಯೇ ಬೇರೆ. ಎಡೆಬಿಡದೆ ಉರಿಯುವ ಲೇಸರಿಗೆ ಜೂಲ್ ಲೆಕ್ಕವೇ ಇಲ್ಲ. ಅಲ್ಲಿ ಕೆಡಿಸುವುದು ಶಾಖ, ಮಿತಿಯನ್ನು ಹೆಚ್ಚಾಗಿ ಬೀಮ್ ವ್ಯಾಸದ ಸೆಂ.ಮೀ.ಗೆ ಇಷ್ಟು ವ್ಯಾಟ್ ಎಂದು ಕೊಡುತ್ತಾರೆ.

ಕನ್ನಡಿ ಬದಲಿಸಿದರೂ ಕೆಲಸ ಮುಗಿಯಲಿಲ್ಲ. ಕಿತ್ತುಹೋದ ಕೋಟಿಂಗಿನ ಪುಡಿ ಮುಂದಿನ ಲೆನ್ಸಿನ ಮೇಲೆ ಕೂತು, ಬೀಮ್ ಬಿದ್ದಾಗ ಅಲ್ಲೂ ಗುಳಿ ಬಿತ್ತು. ಆಮೇಲೆ ಟೆಲಿಸ್ಕೋಪಿಗೆ ಮುಂಚಿನ ಇನ್ನೊಂದು ಕನ್ನಡಿಯಲ್ಲೂ ಚಿಕ್ಕ ಚುಕ್ಕೆ ಕಂಡಿತು. ಅಲ್ಲಿ ಮುಖ್ಯ ಬೀಮ್ ದುರ್ಬಲವಾಗಿತ್ತಲ್ಲ, ಸುಟ್ಟದ್ದು ಹೇಗೆ? ಹಿಂದಕ್ಕೆ ಬರುವ ಪ್ರತಿಫಲನದಿಂದ. ಒಳ್ಳೆಯ ಕೋಟಿಂಗ್ ಇದ್ದರೂ ಲೆನ್ಸಿನ ಒಂದು ಮೇಲ್ಮೈ ಶೇ. 0.25ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. 100 ಮಿಲಿಜೂಲಿನಲ್ಲಿ ಅದು 0.25 ಮಿಲಿಜೂಲ್. ಮೇಲ್ಮೈಯ ತಗ್ಗು ಬದಿ ಬೀಮಿಗೆ ಎದುರಾಗಿದ್ದರೆ ಆ ಬೆಳಕು ಹಿಂದೆಲ್ಲೋ ಒಂದು ಬಿಂದುವಿನಲ್ಲಿ ಕೂಡುತ್ತದೆ. ಬಿಂದು 50 ಮೈಕ್ರಾನ್ ಇದ್ದರೆ ಸರಾಸರಿಯೇ ಚದರ ಸೆಂ.ಮೀ.ಗೆ ಸುಮಾರು 13 ಜೂಲ್. ಕೋಟಿಂಗ್ ಇಲ್ಲದ ಗಾಜಾದರೆ ಹಿಂದಕ್ಕೆ ಬರುವುದು ಶೇ. 4. ಪ್ರತಿ ಲೆನ್ಸಿಗೂ ಈ ಬಿಂದು ಎಲ್ಲಿ ಬೀಳುತ್ತದೆಂದು ಮೊದಲೇ ಗುರುತಿಸಿ, ಅಲ್ಲಿ ಏನನ್ನೂ ಇಡಬೇಡಿ.

ಅಂಟಿನಿಂದ ಜೋಡಿಸಿದ ಡಬ್ಲೆಟ್ ಲೆನ್ಸ್, ಅಂಟಿಸಿದ ಪೋಲರೈಸಿಂಗ್ ಕ್ಯೂಬ್, ಬೆಳಕು ಹೀರುವ ಬಣ್ಣದ ಫಿಲ್ಟರ್, ಲೋಹ ಲೇಪಿತ ಕನ್ನಡಿ: ಹೆಚ್ಚು ಎನರ್ಜಿಯ ಕಡೆ ಇವು ಬೇಡ. ನಡುವೆ ಗಾಳಿ ಬಿಟ್ಟ ಜೋಡಣೆ, ಡೈಎಲೆಕ್ಟ್ರಿಕ್ ಕನ್ನಡಿ (ಲೋಹವಲ್ಲದ ತೆಳು ಪದರಗಳ ಲೇಪವಿರುವುದು) ಬಳಸಿ.

ಅಲೈನ್‌ಮೆಂಟಿಗೆ (ಬೀಮಿನ ದಾರಿ ಸರಿಹೊಂದಿಸಲು) ಎನರ್ಜಿ ತಗ್ಗಿಸಬೇಕೆಂದು, ಲೇಸರ್ ಹರಳಿಗೆ ಎನರ್ಜಿ ತುಂಬುವ ಫ್ಲ್ಯಾಶ್‌ಲ್ಯಾಂಪಿನ ವೋಲ್ಟೇಜ್ ಇಳಿಸುವುದು ತುಂಬ ಜನ ಮಾಡುವ ತಪ್ಪು. ಹರಳಿನ ರಾಡಿನೊಳಗಿನ ಶಾಖ ಬದಲಾಗಿ ಬೀಮಿನ ಅಗಲ, ಹರಡುವಿಕೆ ಎರಡೂ ಬದಲಾಗುತ್ತವೆ. ಪಲ್ಸ್ ಕೂಡ ಉದ್ದವಾಗುತ್ತದೆ. ಕಡಿಮೆ ಎನರ್ಜಿಯಲ್ಲಿ ಸರಿಹೊಂದಿಸಿದ್ದು ಪೂರ್ತಿ ಎನರ್ಜಿಯಲ್ಲಿ ಸರಿ ಇರುವುದಿಲ್ಲ. ಲೇಸರನ್ನು ಕೆಲಸದ ವೋಲ್ಟೇಜಿನಲ್ಲೇ ಓಡಿಸಿ, ಹೊರಗೆ ಹಾಫ್-ವೇವ್ ಪ್ಲೇಟ್ (ಬೆಳಕಿನ ಧ್ರುವೀಕರಣದ ದಿಕ್ಕು ತಿರುಗಿಸುವುದು) ಮತ್ತು ತೆಳು ಪದರದ ಪೋಲರೈಸರ್ (ಆ ದಿಕ್ಕಿನ ಪ್ರಕಾರ ಬೀಮನ್ನು ಎರಡಾಗಿ ಒಡೆಯುವುದು) ಇಟ್ಟು ತಗ್ಗಿಸಿ. ಪಕ್ಕಕ್ಕೆ ಹೋಗುವ ಬೀಮಿಗೆ ಅದನ್ನು ಹೀರಿಕೊಳ್ಳುವ ಡಂಪ್ ಇರಲೇಬೇಕು.

ಏರಿಸುವಾಗ ಶೇ. 10, 25, 50 ಹೀಗೆ ಹೋಗಿ. ಪ್ರತಿ ಹಂತದಲ್ಲೂ ಲೇಸರ್ ನಿಲ್ಲಿಸಿ, ಕೀ ತೆಗೆದು, ಟಾರ್ಚನ್ನು ಓರೆಯಾಗಿ ಹಿಡಿದು ಮೇಲ್ಮೈ ನೋಡಿ. ಧೂಳು, ಬೆರಳಚ್ಚು ಕಂಡರೆ ಅಲ್ಲೇ ನಿಲ್ಲಿಸಿ ಸ್ವಚ್ಛ ಮಾಡಿ. ರಕ್ಷಣಾ ಕನ್ನಡಕಕ್ಕೂ ತಡೆಯುವ ಮಿತಿ ಇದೆ, ಅದನ್ನು ಹಾಕಿಕೊಂಡಿದ್ದೇವೆಂದು ಬೀಮಿನ ಮಟ್ಟಕ್ಕೆ ಕಣ್ಣು ತರಬಾರದು.

ಸುಟ್ಟ ಕನ್ನಡಿಯನ್ನು ಸ್ವಲ್ಪ ತಿರುಗಿಸಿ ಬೇರೆ ಜಾಗದಲ್ಲಿ ಬೀಮ್ ಬಿಡುವುದೂ ಬೇಡ. ಸುತ್ತಲೂ ಪುಡಿ ಹರಡಿರುತ್ತದೆ, ಹಳೆಯ ಗುಳಿಗೆ ಬೀಮಿನ ಅಂಚು ತಾಕಿದರೂ ಅದು ಪಲ್ಸಿನಿಂದ ಪಲ್ಸಿಗೆ ಬೆಳೆಯುತ್ತ ಹೋಗುತ್ತದೆ.