ಫ್ರೇಮ್ ಇಲ್ಲದ 40 ಲೀಟರ್ ಬ್ಯಾಗ್: ನಾಲ್ಕು ವರ್ಷ ಹೊತ್ತ ಮೇಲೆ

ನಾಲ್ಕು ವರ್ಷದಿಂದ ಚಾರಣಕ್ಕೆ ಇದೊಂದೇ ಬ್ಯಾಗ್. ಖಾಲಿ ಇದ್ದಾಗ 620 ಗ್ರಾಂ. ಇದಕ್ಕೂ ಮೊದಲು ಇದ್ದ 65 ಲೀಟರ್ ಬ್ಯಾಗ್ ಖಾಲಿಯೇ ಎರಡು ಕಿಲೋ ದಾಟುತ್ತಿತ್ತು. ಇದರಲ್ಲಿ ಫ್ರೇಮ್, ಅಂದರೆ ಬೆನ್ನಿನ ಕಡೆ ಬ್ಯಾಗನ್ನು ನೆಟ್ಟಗೆ ನಿಲ್ಲಿಸುವ ಅಲ್ಯೂಮಿನಿಯಂ ಕಡ್ಡಿ ಇಲ್ಲ, ಜಿಪ್ ಇಲ್ಲ, ಒಳಗೆ ಖಾನೆಗಳೂ ಇಲ್ಲ. ಬಾಯಿ ಸುತ್ತಿ ಬಕಲ್ ಹಾಕಿದರೆ ಮುಗಿಯಿತು.

ಮೊದಲ ಸಲ ಹೊತ್ತಾಗ ಸುಮ್ನೆ ತಗೊಂಡೆ ಅನ್ನಿಸಿತ್ತು. ಸಾಮಾನು ಹೇಗೆ ಬಂತೋ ಹಾಗೆ ತುರುಕಿದ್ದೆ. ಬ್ಯಾಗ್ ಪೀಪಾಯಿ ತರ ಉಬ್ಬಿಕೊಂಡು, ಒಲೆಯ ಮೂಲೆ ಸರಿಯಾಗಿ ಬೆನ್ನುಮೂಳೆಗೇ ಒತ್ತುತ್ತಿತ್ತು. ಈಗ ಮಲಗುವ ಫೋಮ್ ಚಾಪೆಯನ್ನು ಮಡಚಿ ಬೆನ್ನಿನ ಕಡೆ ಮೊದಲು ಇಳಿಸುತ್ತೇನೆ, ಸ್ಲೀಪಿಂಗ್ ಬ್ಯಾಗನ್ನು ಚೀಲಕ್ಕೆ ಹಾಕದೆ ತಳದ ಮೂಲೆ ಮೂಲೆಗೂ ಒತ್ತಿ ತುಂಬುತ್ತೇನೆ, ಅದರ ಮೇಲೆ ಊಟದ ಗಂಟು ಬೆನ್ನಿಗೆ ತಾಗಿಕೊಂಡ ಹಾಗೆ, ಬಟ್ಟೆ ಆಚೆ ಕಡೆ. ಚಾಪೆಯೇ ಫ್ರೇಮ್ ಕೆಲಸ ಮಾಡುತ್ತೆ. ಬ್ಯಾಗ್ ಬೆನ್ನಿಗೆ ಅಂಟಿಕೊಂಡು ನಿಲ್ಲುತ್ತೆ, ಇಳಿಜಾರಿನಲ್ಲಿ ಓಲಾಡಲ್ಲ.

ಎಂಟು ಕಿಲೋ ತನಕ ಹೊತ್ತಿದ್ದೇ ಗೊತ್ತಾಗಲ್ಲ. ಆದರೆ ಹತ್ತು ದಾಟಿದರೆ ಇದು ಬೇರೆಯೇ ಬ್ಯಾಗ್. ನೀರು ಸಿಗದ ದಾರಿ ಅಂತ ಒಮ್ಮೆ ನಾಲ್ಕು ಲೀಟರ್ ತುಂಬಿಸಿಕೊಂಡು ಹೊರಟೆ, ಅಂದರೆ ನೀರೇ ನಾಲ್ಕು ಕಿಲೋ. ಸೊಂಟದ ಪಟ್ಟಿ ತೆಳು, ಭಾರವನ್ನು ಸೊಂಟಕ್ಕೆ ಇಳಿಸೋಕೆ ಅದಕ್ಕೆ ಆಗಲ್ಲ. ಸಂಜೆ ಹೊತ್ತಿಗೆ ಎರಡೂ ಹೆಗಲ ಮೇಲೆ ಕೆಂಪು ಬರೆ.

ಎರಡನೇ ವರ್ಷಕ್ಕೇ ಎದುರಿನ ಬಲೆ ಜೇಬು ಮುಳ್ಳಿಗೆ ಸಿಕ್ಕಿ ಹರಿಯಿತು, ನೈಲಾನ್ ದಾರದಲ್ಲಿ ಹೊಲಿದುಕೊಂಡೆ. ಒಳಗಿನ ಲೇಪ ಈಗ ತಳದಲ್ಲಿ ಸಿಪ್ಪೆ ಏಳುತ್ತಿದೆ. ಮಳೆ ಹೊದಿಕೆ ನನಗೆ ಬೇಕಿಲ್ಲ, ಯಾಕಂದರೆ ಅದು ಹಾಕಿದರೂ ನೀರು ಬೆನ್ನಿನ ಕಡೆಯಿಂದ ಒಳಗೆ ಇಳಿಯುತ್ತೆ. ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ತಿರುಚಿಟ್ಟರೆ ಎಂಥ ಮಳೆಗೂ ಸ್ಲೀಪಿಂಗ್ ಬ್ಯಾಗ್ ಒಣಗಿರುತ್ತೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಬೆಳಗಿನ ಹೊತ್ತು. ಮೊದಲು ಯಾವ ಜೇಬಲ್ಲಿ ಏನಿಟ್ಟೆ ಅಂತ ತಡಕಾಡೋದೇ ಅರ್ಧ ಗಂಟೆ. ಈಗ ಎದ್ದು ಹತ್ತು ನಿಮಿಷಕ್ಕೆ ದಾರಿಯಲ್ಲಿರುತ್ತೇನೆ, ಕತ್ತಲಲ್ಲೂ ಕೈ ನೇರ ಟಾರ್ಚ್ ಇರುವಲ್ಲಿಗೇ ಹೋಗುತ್ತೆ.

ಕೊಳ್ಳೋ ಮೊದಲು ನಿಮ್ಮ ಸಾಮಾನನ್ನೆಲ್ಲ ತಕ್ಕಡಿಗೆ ಹಾಕಿ ನೋಡಿ. ಊಟ, ನೀರು ಬಿಟ್ಟು ಐದು ಕಿಲೋ ಒಳಗೆ ಬಂದರೆ ಧೈರ್ಯವಾಗಿ ತಗೊಳ್ಳಿ. ಎಂಟು ಬಂದರೆ ಫ್ರೇಮ್ ಇರೋ ಬ್ಯಾಗೇ ಇರಲಿ, ಮೊದಲು ಸಾಮಾನು ಕಡಿಮೆ ಮಾಡಿ.