ಮೈನ್‌ಕ್ರಾಫ್ಟ್ ಕನ್ಸೋಲ್ ಗಲಾಟೆ: ಪ್ಲಗಿನ್ ಸಾಕಾ, ಲಾಗ್ ಸೆಟ್ಟಿಂಗ್‌ಗೇ ಕೈ ಹಾಕಬೇಕಾ?

ಕಲಬುರಗಿಯ ನಮ್ಮ ಮನೆಯ ಹಳೇ ಕಂಪ್ಯೂಟರ್‌ನಲ್ಲಿ ಗೆಳೆಯರಿಗಾಗಿ ಮೈನ್‌ಕ್ರಾಫ್ಟ್ ಆಟದ ಜಾವಾ ಎಡಿಷನ್ ಸರ್ವರ್ ನಡೆಸುತ್ತೇನೆ. ಕನ್ಸೋಲ್ (ಸರ್ವರ್‌ನ ಸಂದೇಶ ನೋಡಿ ಆಜ್ಞೆ ಕೊಡುವ ಪರದೆ) ತೆರೆದರೆ ಸಾಕು, ಯಾರೋ ಜೋರಾಗಿ ಓಡಿದರು ಅನ್ನೋ ಎಚ್ಚರಿಕೆಗಳದೇ ಸಾಲು. ತೊಗರಿಯನ್ನು ಮೊರದಲ್ಲಿ ಕೇರಿದಂತೆ ಇದನ್ನೂ ಕೇರಬೇಕು.

ಪ್ಲಗಿನ್, ಅಂದರೆ ಸರ್ವರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ, ಸುಲಭ. ಬೇಡದ ಮಾತು ಬರೆದಿಟ್ಟರೆ ಮುಗಿಯಿತು. ಆದರೆ ಅದಕ್ಕೆ ಪೇಪರ್, ಸ್ಪಿಗಾಟ್ ಥರದ, ಪ್ಲಗಿನ್ ಒಪ್ಪುವ ಸರ್ವರ್ ಬೇಕು. ಪ್ಲಗಿನ್ ಏಳುವ ಮುಂಚಿನ ಸಾಲುಗಳನ್ನು ಅದು ತಡೆಯಲ್ಲ.

ಸರ್ವರ್ ಈ ಸಾಲುಗಳನ್ನು ಬರೆಯಲು ಬಳಸುವ ಲಾಗ್‌ಫೋರ್‌ಜೆ (Log4j) ಸಾಧನದ ಸೆಟ್ಟಿಂಗ್ ಫೈಲ್‌ನಲ್ಲಿ ರೆಜೆಕ್ಸ್ ಫಿಲ್ಟರ್ (ಪಠ್ಯದ ಪ್ಯಾಟರ್ನ್ ನೋಡಿ ಸಾಲು ತಡೆಯುವ ಜರಡಿ) ಹಾಕಿದರೆ ಮೂಲ ಸರ್ವರ್‌ನಲ್ಲೂ ನಡೆಯುತ್ತದೆ. ಇಲ್ಲಿ ನಾನು ಎಡವಿದ್ದು ಎರಡು ಕಡೆ. ಪ್ಯಾಟರ್ನ್ ಇಡೀ ಸಂದೇಶಕ್ಕೆ ಹೊಂದಬೇಕು, ಬರೀ ಒಂದು ಪದಕ್ಕಲ್ಲ. ಹೊಂದದ ಸಾಲಿಗೆ 'ನ್ಯೂಟ್ರಲ್' (ತಡೆಯದೆ ಮುಂದೆ ಬಿಡು) ಅಂತ ಹೇಳದಿದ್ದರೆ ಅವೂ ಮಾಯ! ಅರ್ಧ ರಾತ್ರಿ ಖಾಲಿ ಪರದೆ ನೋಡುತ್ತಾ ಕೂತಿದ್ದೆ. ಫಿಲ್ಟರನ್ನು ಕನ್ಸೋಲ್ ಅಪೆಂಡರ್ (ಪರದೆಗೆ ಸಾಲು ಕಳಿಸುವ ಭಾಗ) ಒಳಗೆ ಮಾತ್ರ ಇಡಿ, ಆಗ ಲಾಗ್ ಫೈಲ್‌ನಲ್ಲಿ ಎಲ್ಲವೂ ಉಳಿಯುತ್ತದೆ. 1.12ರಿಂದ 1.16.5ರವರೆಗಿನ ಹಳೇ ಆವೃತ್ತಿಯಾದರೆ ಜಾಸ್ತಿ ಹುಷಾರು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆಯಲ್ಲಿ ಬಯಲಾದ ಲಾಗ್‌ಫೋರ್‌ಶೆಲ್ ಎಂಬ ಭದ್ರತಾ ದೋಷಕ್ಕೆ ಆಟದ ಕಂಪನಿ ಮೊಜಾಂಗ್ ಈ ಆವೃತ್ತಿಗಳಿಗೆ ಕೊಟ್ಟ ಪರಿಹಾರ ಇದೇ ಥರದ ಫೈಲ್. ಅದನ್ನು ಅಳಿಸಬೇಡಿ, ಅದರೊಳಗೇ ಸೇರಿಸಿ.

ಲಿನಕ್ಸ್‌ನಲ್ಲಿ ಲಾಗ್ ಫೈಲ್ ಸುಮ್ನೆ ಓದೋದಕ್ಕಾದರೆ ಟೇಲ್ (ಹೊಸ ಸಾಲು ತೋರಿಸುವ ಆಜ್ಞೆ) ಜೊತೆ ಗ್ರೆಪ್ (ಸಾಲುಗಳನ್ನು ಸೋಸುವ ಆಜ್ಞೆ) ಸಾಕು. ಆ ಕಿಟಕಿಯಲ್ಲಿ ಸರ್ವರ್‌ಗೆ ಆಜ್ಞೆ ಕೊಡಲಾಗಲ್ಲ, ಅಷ್ಟೇ.

ನನ್ನ ಆಯ್ಕೆ ಲಾಗ್‌ಫೋರ್‌ಜೆ. ಹೊಸಬರಿಗೆ ಪ್ಲಗಿನ್. ಆದರೆ 'ಸರ್ವರ್‌ಗೆ ಭಾರ ಜಾಸ್ತಿ' ಅನ್ನೋ ಸಂದೇಶ ಮಾತ್ರ ಯಾವುದರಲ್ಲೂ ಮುಚ್ಚಬೇಡಿ.