ಡ್ರಮ್ಮಿನಲ್ಲಿ ಓಡಿದ ಬೋಟ್ ಮೋಟಾರ್ ನಂಬಿ ದುಡ್ಡು ಕೊಡಬೇಡಿ

ಮಳೆಗಾಲಕ್ಕೆ ಮುಂಚೆ ಸೆಕೆಂಡ್ ಹ್ಯಾಂಡ್ ಬೋಟ್ ಮೋಟಾರ್ ಹುಡುಕುವವರು ನಮ್ಮ ಕೊಡಗಿನಲ್ಲೂ ಇದ್ದಾರೆ. ಕೆಲವರಿಗೆ ಹೋಂಸ್ಟೇಗೆ ಬೇಕು. ಹೊಳೆ ದಡದವರಿಗೆ ಬೇರೆ ಕಾರಣ. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಕಾವೇರಿ ಮನೆಗಳ ಒಳಗೇ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ನಮ್ಮ ಊರೂ ಕಾವೇರಿ ದಡದಲ್ಲೇ ಇದೆ. ಸರ್ಕಾರದ ಬೋಟ್ ಬರುವವರೆಗೆ ಕಾಯುವ ಬದಲು ನಮ್ಮದೇ ಒಂದು ಇರಲಿ ಅಂತ ಊರವರೆಲ್ಲ ದುಡ್ಡು ಹಾಕಿ ಒಂದು ಮೋಟಾರ್ ತಂದೆವು. 15 ಎಚ್‌ಪಿ, ಎರಡು ಸಿಲಿಂಡರ್, ಟೂ-ಸ್ಟ್ರೋಕ್. 70 ಸಾವಿರ ರೂಪಾಯಿ. ಈಗ ಅದು ಗುಜರಿ.

ಮಾರಿದವರ ಹೆಸರು ಇಲ್ಲಿ ಬೇಡ. ಸಂಪಾಜೆ ಘಾಟಿ ಇಳಿದು ಕರಾವಳಿಗೆ ಹೋಗಿ ನೋಡಿಕೊಂಡು ಬಂದಿದ್ದೆವು. "ಸಮುದ್ರಕ್ಕೆ ಇಳಿದೇ ಇಲ್ಲ ಅಣ್ಣ, ಬರೀ ಸಿಹಿನೀರಲ್ಲಿ ಓಡಿದ್ದು" ಅಂದಿದ್ದರು. ನಾವು ಹೋಗುವಷ್ಟರಲ್ಲಿ ಮೋಟಾರನ್ನು ಮದುಮಗನ ಹಾಗೆ ಸಿಂಗರಿಸಿ ನಿಲ್ಲಿಸಿದ್ದರು. ಹೊಸ ಪೇಂಟ್, ಹೊಸ ಸ್ಪಾರ್ಕ್ ಪ್ಲಗ್, ಹೊಸ ಗೇರ್ ಆಯಿಲ್. ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಹಗ್ಗ ಎಳೆದರು. ಮೊದಲ ಎಳೆತಕ್ಕೇ ಸ್ಟಾರ್ಟ್. ಹಿಂದಿನ ಸಣ್ಣ ತೂತಿನಿಂದ ನೀರು ಚೆನ್ನಾಗಿ ಚಿಮ್ಮುತ್ತಿತ್ತು. ಪ್ರೊಪೆಲ್ಲರ್ ತಿರುಗಿಸುವ ಗೇರ್‌ಗಳಿರುವ ಗೇರ್‌ಕೇಸಿನ ಕೆಳಗಿನ ಸ್ಕ್ರೂ ಬಿಚ್ಚಿ ಆಯಿಲ್ ಕೂಡ ತೋರಿಸಿದರು, ಜೇನಿನ ಬಣ್ಣ. ಇದಕ್ಕಿಂತ ಜಾಸ್ತಿ ಇನ್ನೇನು ಕೇಳಬೇಕು ಅನಿಸುತ್ತೆ, ಅಲ್ವಾ?

ಜೂನ್ ಮೊದಲ ಮಳೆ ಬಿದ್ದಿತ್ತು, ಹೊಳೆ ಇನ್ನೂ ಏರಿರಲಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡು ನಾಲ್ಕು ಜನ ಕೂತು ಹರಿವಿಗೆ ಎದುರಾಗಿ ಹೊರಟೆವು. ಸ್ವಲ್ಪ ದೂರ ಚೆನ್ನಾಗಿಯೇ ಹೋಯಿತು. ಆಮೇಲೆ ಪೇಂಟ್ ಸುಟ್ಟ ವಾಸನೆ. ವೇಗ ತಾನಾಗಿಯೇ ಇಳಿಯಿತು. ಕಿರ್ ಅಂತ ಒಂದು ಶಬ್ದ, ಮೋಟಾರ್ ನಿಂತುಹೋಯಿತು. ಹಗ್ಗ ಎಳೆದರೆ ಕಲ್ಲು ಕಟ್ಟಿದ ಹಾಗೆ, ಅಲ್ಲಾಡಲಿಲ್ಲ. ದೋಣಿಯಲ್ಲಿ ಹುಟ್ಟು ಇದ್ದದ್ದರಿಂದ ದಡ ಸೇರಿದೆವು. ಆಗಸ್ಟ್‌ನ ನೆರೆಯಲ್ಲಿ, ಮಕ್ಕಳು ಮುದುಕರನ್ನು ಕೂರಿಸಿಕೊಂಡಿದ್ದಾಗ ಹೀಗಾಗಿದ್ದರೆ ಏನು ಗತಿ ಅಂತ ಆ ದಿನ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕುಶಾಲನಗರದ ಒಬ್ಬ ಹಳೆ ಮೆಕ್ಯಾನಿಕ್ ಬಿಚ್ಚಿ ನೋಡಿದರು. ಟೂ-ಸ್ಟ್ರೋಕ್ ಬೈಕ್‌ಗಳ ಕಾಲದಿಂದ ಕೈ ಪಳಗಿದವರು. ಸಿಲಿಂಡರ್ ಮುಚ್ಚುವ ಹೆಡ್ ತೆಗೆದ ತಕ್ಷಣ ವಿಷಯ ಗೊತ್ತಾಯಿತು. ತಣಿಸುವ ನೀರು ಹರಿಯುವ ದಾರಿಗಳಲ್ಲಿ ಬಿಳಿ ಉಪ್ಪು ಗಟ್ಟಿಯಾಗಿ ಕೂತಿತ್ತು. ಬಿಸಿ ನೋಡಿ ನೀರು ಬಿಡುವ ಥರ್ಮೋಸ್ಟಾಟ್ ಉಪ್ಪಿನಲ್ಲೇ ಹೂತುಹೋಗಿತ್ತು. ಮೇಲಿನ ಸಿಲಿಂಡರ್‌ನ ಪಿಸ್ಟನ್ ಗೀಚಿಹೋಗಿ ಕಚ್ಚಿಕೊಂಡಿತ್ತು. ಗೀರುಗಳಲ್ಲಿ ಕೆಲವು ಹಳೆಯವು, ಅಂದರೆ ಇದು ಮೊದಲೂ ಬಿಸಿಯಾಗಿ ಸತ್ತು ಬದುಕಿದ ಮೋಟಾರ್. ಸಿಹಿನೀರಿನ ಕಥೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಡ್ರಮ್ಮಿನಲ್ಲಿ ಹೇಗೆ ಓಡಿತು? ಈ ಮೋಟಾರ್‌ಗಳಿಗೆ ರೇಡಿಯೇಟರ್ ಇಲ್ಲ. ಕೆಳಗೆ ಒಂದು ರಬ್ಬರ್ ಇಂಪೆಲ್ಲರ್ ಇರುತ್ತೆ, ಅದು ಹೊಳೆಯ ನೀರನ್ನೇ ಎಳೆದು ಎಂಜಿನ್ ಸುತ್ತ ಹರಿಸಿ ಹೊರಗೆ ಬಿಡುತ್ತೆ. ಲೋಡ್ ಇಲ್ಲದೆ ನ್ಯೂಟ್ರಲ್‌ನಲ್ಲಿ ಐದು ನಿಮಿಷ ಓಡಿಸಿದರೆ ಹುಟ್ಟುವ ಬಿಸಿಯೇ ಕಡಿಮೆ. ಅರ್ಧ ಮುಚ್ಚಿದ ದಾರಿಯಲ್ಲಿ ಹರಿದ ನೀರೂ ಸಾಕಾಗುತ್ತೆ. ನಾಲ್ಕು ಜನ ಕೂತು, ಹರಿವಿಗೆ ಎದುರಾಗಿ, ಫುಲ್ ಥ್ರಾಟಲ್ ಕೊಟ್ಟಾಗಲೇ ನಿಜ ಹೊರಗೆ ಬರುವುದು. ಚಿಮ್ಮುವ ನೀರನ್ನು ನೋಡಿ ಸಮಾಧಾನ ಪಡುವವರಿಗೆ ಇನ್ನೊಂದು ಮಾತು: ಎಷ್ಟೋ ಮೋಟಾರ್‌ಗಳಲ್ಲಿ ಆ ನೀರು ಥರ್ಮೋಸ್ಟಾಟ್‌ಗೆ ಹೋಗುವ ಮುಂಚೆಯೇ ಹೊರಗೆ ಬರುತ್ತೆ. ಅದು ಚಿಮ್ಮಿದರೆ ಪಂಪ್ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುತ್ತೆ, ಹೆಡ್ ತಣ್ಣಗಿದೆ ಅಂತ ಗೊತ್ತಾಗುವುದಿಲ್ಲ.

ಆದ್ದರಿಂದ ಮೊದಲ ಷರತ್ತು ಇದೇ ಇರಲಿ. ನಿಮ್ಮ ದೋಣಿಗೆ, ಇಲ್ಲವಾದರೆ ಅವರದೇ ದೋಣಿಗೆ ಕಟ್ಟಿ, ಜನ ಕೂತು, ಕನಿಷ್ಠ ಅರ್ಧ ಗಂಟೆ ನೀರಲ್ಲಿ ಓಡಿಸಬೇಕು. ಒಪ್ಪದವರ ಜೊತೆ ರೇಟ್ ಮಾತಾಡಲೇಬೇಡಿ.

ಮೋಟಾರ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಹೋದ ಕೂಡಲೇ ಮುಚ್ಚಳ ತೆಗೆಸಿ ಎಂಜಿನ್ ಬ್ಲಾಕ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಓಡಿಸಿ ಇಟ್ಟಿದ್ದಾರೆ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಬಿದ್ದ ಎಂಜಿನ್ ಬಿಸಿಯಲ್ಲಿ ಸುಲಭವಾಗಿ ಏಳುತ್ತೆ, ತಣ್ಣಗಿದ್ದರೆ ಸತಾಯಿಸುತ್ತೆ. ಚಹಾ ಕುಡಿದು ಬರುತ್ತೇವೆ ಅಂತ ಹೇಳಿ ಒಂದೆರಡು ಗಂಟೆ ಬಿಟ್ಟು ಹೋಗಿ.

ಕಂಪ್ರೆಷನ್ ಗೇಜ್ ತೆಗೆದುಕೊಂಡು ಹೋಗಿ. ಒಳ್ಳೆ ಬೈಕ್ ಮೆಕ್ಯಾನಿಕ್ ಹತ್ತಿರ ಸಿಗುತ್ತೆ, ಅವರನ್ನೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಎರಡೂ ಪ್ಲಗ್ ಬಿಚ್ಚಿ, ವೈರ್‌ಗಳನ್ನು ಬ್ಲಾಕ್‌ಗೆ ತಾಗಿಸಿಟ್ಟು, ಥ್ರಾಟಲ್ ಪೂರ್ತಿ ತೆರೆದು ಹಗ್ಗ ಎಳೆಯಬೇಕು. ಎಷ್ಟು ಪಿಎಸ್‌ಐ ಬಂತು ಅನ್ನುವುದಕ್ಕಿಂತ ಎರಡೂ ಸಿಲಿಂಡರ್ ಹತ್ತಿರ ಹತ್ತಿರ ಇವೆಯಾ ಅನ್ನುವುದು ಮುಖ್ಯ. ಒಂದು 115, ಇನ್ನೊಂದು 110 ಬಂದರೆ ತೊಂದರೆ ಇಲ್ಲ. ಒಂದು 115, ಇನ್ನೊಂದು 85 ಬಂದರೆ ಕೈಮುಗಿದು ವಾಪಸ್ ಬನ್ನಿ.

ಗೇರ್ ಆಯಿಲ್ ವಿಷಯದಲ್ಲಿ ನಮಗೆ ಸರಿಯಾಗಿ ಟೋಪಿ ಬಿತ್ತು. ಪ್ರೊಪೆಲ್ಲರ್ ಶಾಫ್ಟ್‌ನ ಸೀಲ್ ಹೋಗಿದ್ದರೆ ನೀರು ಒಳಗೆ ಸೇರಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತೆ. ಮೀನಿನ ಬಲೆಯ ದಾರ ಶಾಫ್ಟ್‌ಗೆ ಸುತ್ತಿಕೊಂಡು ಸೀಲ್ ಕೊಯ್ಯುವುದು ಮಾಮೂಲು. ಆದರೆ ನಿನ್ನೆ ಹಾಕಿದ ಆಯಿಲ್ ಇವತ್ತು ಜೇನಿನ ಬಣ್ಣದಲ್ಲೇ ಇರುತ್ತೆ! ನಮ್ಮದನ್ನು ಹೊಳೆಯಲ್ಲಿ ಓಡಿಸಿದ ಮೇಲೆ ಮೆಕ್ಯಾನಿಕ್ ಅದೇ ಸ್ಕ್ರೂ ಸಡಿಲಿಸಿದರು. ಮೊದಲು ನೀರು, ಹಿಂದೆ ಬಿಳಿ ಆಯಿಲ್. ನೀವು ಅರ್ಧ ಗಂಟೆ ಓಡಿಸಿ, ಮೋಟಾರನ್ನು ಸ್ವಲ್ಪ ಹೊತ್ತು ನೇರವಾಗಿ ನಿಲ್ಲಿಸಿ, ಆಮೇಲೆ ಸ್ಕ್ರೂ ಬಿಚ್ಚಿಸಿ. ನೀರು ಆಯಿಲ್‌ಗಿಂತ ಭಾರ, ಕೆಳಗೆ ಕೂತಿರುತ್ತೆ, ಮೊದಲು ಅದೇ ಬರುತ್ತೆ. ಲೋಹದ ಚೂರು ಬಂದರಂತೂ ಕೇಳುವುದೇ ಬೇಡ.

ಉಪ್ಪುನೀರಿನ ಗುರುತು ಪೇಂಟ್ ಹೊಡೆದರೂ ಪೂರ್ತಿ ಮುಚ್ಚುವುದಿಲ್ಲ. ದೋಣಿಗೆ ಕಟ್ಟುವ ಬ್ರಾಕೆಟ್‌ನ ಸಂದು, ಬೋಲ್ಟ್ ತಲೆಗಳ ಸುತ್ತ ಬಿಳಿ ಪುಡಿ ಇದೆಯಾ ನೋಡಿ. ತುಕ್ಕನ್ನು ತನ್ನ ಮೇಲೆ ಎಳೆದುಕೊಂಡು ಮೋಟಾರ್ ಉಳಿಸಲಿ ಅಂತ ಕೆಳಗೆ ಸತುವಿನ ಒಂದು ತುಂಡು ಇರುತ್ತೆ. ಅದು ಅರ್ಧ ಕರಗಿದ್ದರೆ ಸಿಹಿನೀರಿನ ಕಥೆ ನಂಬಬೇಡಿ. ಸಮುದ್ರದಲ್ಲಿ ಓಡಿದ್ದೇ ತಪ್ಪು ಅಂತಲ್ಲ. ಪ್ರತಿ ಸಲ ಸಿಹಿನೀರಲ್ಲಿ ಓಡಿಸಿ ತೊಳೆದವರ ಮೋಟಾರ್ ಚೆನ್ನಾಗಿಯೇ ಇರುತ್ತೆ. ಸುಳ್ಳು ಹೇಳಿದರೆ ಮಾತ್ರ ಅನುಮಾನ ಪಡಬೇಕು.

ನಾಡದೋಣಿಗಳ ಎಷ್ಟೋ ಮೋಟಾರ್‌ಗಳು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವಂಥವು. ಯಾವುದು ಅಂತ ಕೇಳಿ ತಿಳಿದುಕೊಳ್ಳಿ, ನಮ್ಮ ಕಡೆ ಸೀಮೆಎಣ್ಣೆ ಎಲ್ಲಿಂದ ತರುತ್ತೀರಿ? ಶಾಫ್ಟ್ ಉದ್ದವನ್ನೂ ಅಳೆಯಿರಿ. ಸಾಮಾನ್ಯವಾಗಿ 15 ಇಂಚು, 20 ಇಂಚು ಎರಡು ಬಗೆ. ಹಿಂಬದಿಯ ಹಲಗೆ ಗಿಡ್ಡ ಇರುವ ದೋಣಿಗೆ ಉದ್ದದ್ದು ಕಟ್ಟಿದರೆ ಐದು ಇಂಚು ಜಾಸ್ತಿ ಕೆಳಗಿಳಿಯುತ್ತೆ. ಬೇಸಿಗೆಯ ಕಾವೇರಿಯಲ್ಲಿ ಬಂಡೆಗಳು ಎಷ್ಟು ಮೇಲಿರುತ್ತವೆ ಅಂತ ನಿಮಗೇ ಗೊತ್ತು.

ಬ್ರಾಕೆಟ್ ಮೇಲಿನ ನಂಬರ್ ಪ್ಲೇಟ್ ಕಿತ್ತಿದ್ದರೆ ಕದ್ದ ಮಾಲು ಇರಬಹುದು. ನಂಬರ್ ಬರೆದ ಬಿಲ್ ಇಲ್ಲದೆ ತರಬೇಡಿ. 2021ರ ಒಳನಾಡು ಹಡಗು ಕಾಯ್ದೆ ಬಂದ ಮೇಲೆ ಯಂತ್ರದ ದೋಣಿಗೆ ನೋಂದಣಿ ಕೇಳುತ್ತಾರೆ, ಕಾಗದ ಬೇಕಾಗುತ್ತೆ.

ಮಾರಿದವರಿಗೆ ಫೋನ್ ಮಾಡಿದ್ದಕ್ಕೆ "ನಿಮ್ಮ ಕಣ್ಣೆದುರೇ ಓಡಿಸಿ ತೋರಿಸಿದ್ದೆನಲ್ಲ" ಅಂದರು. ಅದು ನಿಜವೇ, ವಾದಿಸಲು ಆಗಲಿಲ್ಲ. ಈಗ ಇನ್ನೊಬ್ಬರ ಜೊತೆ ಮಾತಾಗಿದೆ. ಅವರು ಮೋಟಾರನ್ನು ಇಲ್ಲಿಗೇ ತಂದು ನಮ್ಮ ದೋಣಿಗೆ ಕಟ್ಟಿ ಓಡಿಸಲು ಒಪ್ಪಿದ್ದಾರೆ. ಗಾಡಿ ಬಾಡಿಗೆ ನಮ್ಮದು. ಓಡಿಸಿ ಮುಗಿದು ಗೇರ್ ಆಯಿಲ್ ನೋಡಿದ ಮೇಲೆ ದುಡ್ಡು, ಅಡ್ವಾನ್ಸ್ ಇಲ್ಲ.